ಡೆವ್ ಪ್ರಾಕ್ಸಿ ಕೈಕೊಟ್ಟಾಗ: ಲೋಕಲ್ ಆ್ಯಪ್‌ನಿಂದ ದೂರದ ಎಪಿಐವರೆಗೆ ದೋಷ ಹುಡುಕುವ ಬಗೆ

ಆ್ಯಪ್ ನಿಮ್ಮ ಯಂತ್ರದಲ್ಲಿ ಓಡುತ್ತಿದೆ. ವೀಟ್ ಆದರೆ ಪೋರ್ಟ್ 5173ರಲ್ಲಿ, ಆ್ಯಂಗ್ಯುಲರ್ ಆದರೆ 4200ರಲ್ಲಿ, ವೆಬ್‌ಪ್ಯಾಕ್ ಡೆವ್ ಸರ್ವರ್ ಆದರೆ 8080ರಲ್ಲಿ. ಆ್ಯಪ್‌ಗೆ ಡೇಟಾ ಕೊಡುವ ಎಪಿಐ ಮಾತ್ರ ಬೇರೆಲ್ಲೋ ಇದೆ. ನಡುವೆ ಡೆವ್ ಸರ್ವರ್‌ನ (ಕೋಡ್ ಬರೆಯುವ ಹೊತ್ತಿನಲ್ಲಿ ಆ್ಯಪ್ ಓಡಿಸುವ ಸರ್ವರ್) ಪ್ರಾಕ್ಸಿ ಕೂತು, /ಎಪಿಐ ಎಂದು ಶುರುವಾಗುವ ಕರೆಗಳನ್ನು ಆಚೆಗೆ ದಾಟಿಸುತ್ತದೆ. ಬ್ರೌಸರ್‌ಗೆ ಕಾಣುವುದು ಒಂದೇ ವಿಳಾಸವಾದರೂ ಹಿಂದೆ ನಡೆಯುವುದು ಎರಡು ಬೇರೆ ಬೇರೆ ಸಂಪರ್ಕ: ಬ್ರೌಸರ್‌ನಿಂದ ಡೆವ್ ಸರ್ವರ್‌ಗೆ ಒಂದು, ಅಲ್ಲಿಂದ ಎಪಿಐಗೆ ಇನ್ನೊಂದು. ಯಾವ ತುಂಡಿನಲ್ಲಿ ಕೆಟ್ಟಿದೆ ಎಂದು ತಿಳಿಯದೆ ಕಾನ್ಫಿಗ್‌ಗೆ ಕೈಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

## ಯಾವುದೇ ಲಕ್ಷಣವಿರಲಿ, ಮೊದಲ ಪ್ರಶ್ನೆ: ಉತ್ತರ ಕೊಟ್ಟದ್ದು ಯಾರು?

ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕರೆಯ ವಿಳಾಸ ಲೋಕಲ್‌ಹೋಸ್ಟ್:5173/ಎಪಿಐ/ಯೂಸರ್ಸ್ ಎಂದೇ ಕಾಣುತ್ತದೆ. ಅದನ್ನು ನೋಡಿ "ಪ್ರಾಕ್ಸಿ ಕೆಲಸವೇ ಮಾಡ್ತಿಲ್ಲ" ಎಂದುಕೊಳ್ಳುವವರು ಬಹಳ. ಅದು ಹಾಗೆಯೇ ಕಾಣಬೇಕು. ದಾಟಿಸುವ ಕೆಲಸ ಬ್ರೌಸರ್‌ನ ಬೆನ್ನ ಹಿಂದೆ ನಡೆಯುವುದರಿಂದ ಎಪಿಐನ ನಿಜವಾದ ವಿಳಾಸ ಅಲ್ಲಿ ಎಂದೂ ಬರುವುದಿಲ್ಲ. ಬಂತೆಂದರೆ ಅದೇ ದೋಷ, ಅದರ ವಿಚಾರ ಕೆಳಗಿದೆ.

ಒಂದೇ ಕರೆಯನ್ನು ಟರ್ಮಿನಲ್‌ನಿಂದ ಕರ್ಲ್‌ನಲ್ಲಿ (ವೆಬ್ ಕರೆ ಮಾಡುವ ಆಜ್ಞೆ) ಎರಡು ಸಲ ಮಾಡಿ. ಒಮ್ಮೆ ನೇರ ಎಪಿಐ ವಿಳಾಸಕ್ಕೆ, ಇನ್ನೊಮ್ಮೆ ಲೋಕಲ್‌ಹೋಸ್ಟ್ ವಿಳಾಸಕ್ಕೆ. ಹೆಡರ್‌ಗಳು ಕಾಣುವಂತೆ ವರ್ಬೋಸ್ ಆಯ್ಕೆ ಹಾಕಿಕೊಳ್ಳಿ. ಎರಡು ನಿಮಿಷದ ಈ ಕೆಲಸ ಅರ್ಧ ದಿನದ ಊಹೆಗಳನ್ನು ಉಳಿಸುತ್ತದೆ.

ನೇರ ಕರೆಯೇ ಸೋತರೆ ಪ್ರಾಕ್ಸಿಯನ್ನು ಮುಟ್ಟಬೇಡಿ. ಎಪಿಐ, ವಿಪಿಎನ್, ಟೋಕನ್ ಇವುಗಳಲ್ಲಿ ಒಂದು ಕೆಟ್ಟಿದೆ. ನೇರ ಕರೆ ಗೆದ್ದು ಲೋಕಲ್‌ಹೋಸ್ಟ್ ಕರೆ ಸೋತರೆ ದೋಷ ಪ್ರಾಕ್ಸಿಯದ್ದೇ. ಎರಡೂ ಗೆದ್ದು ಬ್ರೌಸರ್‌ನಲ್ಲಿ ಮಾತ್ರ ಸೋತರೆ, ಬ್ರೌಸರ್ ತಾನಾಗಿ ಸೇರಿಸುವ ಯಾವುದೋ ಒಂದು ಅಡ್ಡ ಬರುತ್ತಿದೆ: ಆರಿಜಿನ್ ಹೆಡರ್, ಕುಕೀ, ಹಳೆಯ ಸರ್ವಿಸ್ ವರ್ಕರ್ (ಬ್ರೌಸರ್‌ನಲ್ಲೇ ಕೂತು ಕರೆಗಳನ್ನು ಹಿಡಿಯುವ ಸ್ಕ್ರಿಪ್ಟ್), ಇಲ್ಲವೇ ಕ್ಯಾಶ್.

ಉತ್ತರದ ಹೆಡರ್‌ಗಳೂ ಗುಟ್ಟು ಬಿಟ್ಟುಕೊಡುತ್ತವೆ. ಸರ್ವರ್ ಹೆಡರ್‌ನಲ್ಲಿ ಎಂಜಿನ್‌ಎಕ್ಸ್ ಎಂದೋ ಕ್ಲೌಡ್‌ಫ್ಲೇರ್ ಎಂದೋ ಇದ್ದರೆ ಕರೆ ಆಚೆ ದಡ ಮುಟ್ಟಿ ಬಂದಿದೆ. "ಕ್ಯಾನಾಟ್ ಗೆಟ್ /ಎಪಿಐ/ಯೂಸರ್ಸ್" ಎಂಬ ಬೋಳು ಸಾಲು ಬಂದರೆ ಅದು ಎಕ್ಸ್‌ಪ್ರೆಸ್ ಎಂಬ ನೋಡ್‌ಜೆಎಸ್ ಚೌಕಟ್ಟಿನ ಮಾತು. ನಿಮ್ಮ ಎಪಿಐ ಎಕ್ಸ್‌ಪ್ರೆಸ್‌ನಲ್ಲಿ ಬರೆದದ್ದಲ್ಲದಿದ್ದರೆ ಆ ಕರೆ ವೆಬ್‌ಪ್ಯಾಕ್ ಡೆವ್ ಸರ್ವರ್‌ನಲ್ಲೇ ಉಳಿದುಬಿಟ್ಟಿದೆ.

## ಕಾನ್ಫಿಗ್ ಬದಲಿಸಿದರೂ ಏನೂ ಬದಲಾಗುತ್ತಿಲ್ಲ

ಡೆವ್ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ. ಆ್ಯಂಗ್ಯುಲರ್‌ನ ಪ್ರಾಕ್ಸಿ ಫೈಲ್, ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನ ಸೆಟಪ್‌ಪ್ರಾಕ್ಸಿ ಫೈಲ್ ಎರಡನ್ನೂ ಓದುವುದು ಶುರುವಿನಲ್ಲಿ ಮಾತ್ರ. ವೀಟ್ ತನ್ನ ಕಾನ್ಫಿಗ್ ಬದಲಾದರೆ ತಾನೇ ಮರುಶುರುವಾಗುತ್ತದೆ, ಆದರೆ ಅದರಲ್ಲಿ ಇನ್ನೊಂದು ಬಲೆಯಿದೆ. ನಿನ್ನೆಯ ಟರ್ಮಿನಲ್‌ನಲ್ಲಿ ಹಳೆಯ ಸರ್ವರ್ ಇನ್ನೂ ಓಡುತ್ತಿದ್ದರೆ 5173 ಖಾಲಿ ಇರುವುದಿಲ್ಲ. ವೀಟ್ ತಾನಾಗಿ 5174ಕ್ಕೆ ಸರಿಯುತ್ತದೆ. ನೀವು ನೋಡುತ್ತಿರುವ ಟ್ಯಾಬ್ 5173ರದ್ದು, ಅಲ್ಲಿ ಹಳೆಯ ಕಾನ್ಫಿಗ್ ಆರಾಮವಾಗಿ ಕೂತಿದೆ. ಸ್ಟ್ರಿಕ್ಟ್‌ಪೋರ್ಟ್ ಆಯ್ಕೆಯನ್ನು ಟ್ರೂ ಮಾಡಿಟ್ಟರೆ ಪೋರ್ಟ್ ಸಿಗದಿದ್ದಾಗ ಅದು ಸರಿಯದೆ ನಿಂತು ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಪ್ರಾಜೆಕ್ಟ್ ಇರುವವರು ಇದನ್ನು ಹಾಕಿಕೊಳ್ಳುವುದೇ ಒಳ್ಳೆಯದು.

ಇದೇ ಪೋರ್ಟ್‌ನಲ್ಲಿ ಹಿಂದೆ ಓಡಿಸಿದ ಬೇರೆ ಪ್ರಾಜೆಕ್ಟ್ ಸರ್ವಿಸ್ ವರ್ಕರ್ ಬಿಟ್ಟುಹೋಗಿದ್ದರೆ ಅದು ಈಗಿನ ಕರೆಗಳನ್ನೂ ಹಿಡಿದುಕೊಳ್ಳುತ್ತದೆ. ಡೆವ್‌ಟೂಲ್ಸ್‌ನ ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಅನ್‌ರಿಜಿಸ್ಟರ್ ಮಾಡಿ.

## ಜೇಸನ್ ಬರಬೇಕಾದಲ್ಲಿ ಎಚ್‌ಟಿಎಂಎಲ್ ಬಂತು

ಕನ್ಸೋಲ್‌ನಲ್ಲಿ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ '<'" ಎಂಬ ದೂರು, ಸ್ಟೇಟಸ್ ನೋಡಿದರೆ 200. ರೆಸ್ಪಾನ್ಸ್ ತೆರೆದರೆ ನಿಮ್ಮದೇ ಇಂಡೆಕ್ಸ್ ಪುಟ. ಪ್ರಾಕ್ಸಿಯ ಯಾವ ನಿಯಮಕ್ಕೂ ಕರೆ ಹೊಂದಲಿಲ್ಲ, ಆದ್ದರಿಂದ ಡೆವ್ ಸರ್ವರ್ "ಇದು ಆ್ಯಪ್‌ನ ಯಾವುದೋ ಪುಟವಿರಬೇಕು" ಎಂದು ಇಂಡೆಕ್ಸ್ ಪುಟವನ್ನೇ ಕೊಟ್ಟು ಕೈತೊಳೆದುಕೊಂಡಿತು.

ಕಾರಣ ಸಾಮಾನ್ಯವಾಗಿ ಒಂದೆರಡು ಅಕ್ಷರದಲ್ಲಿರುತ್ತದೆ. ಕಾನ್ಫಿಗ್‌ನಲ್ಲಿ /ಎಪಿಐ, ಕೋಡ್‌ನಲ್ಲಿ ಮುಂದಿನ ಓರೆಗೆರೆಯೇ ಇಲ್ಲದ ಎಪಿಐ/ಯೂಸರ್ಸ್. ಹೀಗೆ ಬರೆದರೆ ಮುಖಪುಟದಲ್ಲಿ ಸರಿಯಾಗಿ ನಡೆಯುತ್ತದೆ, ಬಳಕೆದಾರ /ಸೆಟ್ಟಿಂಗ್ಸ್/ಪ್ರೊಫೈಲ್ ಪುಟಕ್ಕೆ ಹೋದೊಡನೆ ಅದೇ ಕರೆ /ಸೆಟ್ಟಿಂಗ್ಸ್/ಎಪಿಐ/ಯೂಸರ್ಸ್ ಆಗುತ್ತದೆ. "ಕೆಲವು ಪುಟದಲ್ಲಿ ಮಾತ್ರ ಕೆಡುತ್ತದೆ" ಎಂದರೆ ಮೊದಲ ಸಂಶಯ ಇದರ ಮೇಲಿರಲಿ. ವೀಟ್‌ನಲ್ಲಿ ಬೇಸ್ ಆಯ್ಕೆಗೆ ಪಾಥ್ ಕೊಟ್ಟಿದ್ದರೆ ಪ್ರಾಕ್ಸಿಯ ಪ್ರತಿ ಕೀಲಿಗೂ ಆ ಬೇಸ್ ಅನ್ನು ಮುಂದೆ ಸೇರಿಸಬೇಕು. ಆ್ಯಂಗ್ಯುಲರ್‌ನ ವೆಬ್‌ಪ್ಯಾಕ್ ಆಧಾರಿತ ಬಿಲ್ಡರ್‌ನಲ್ಲಿ /ಎಪಿಐ/* ಎಂದರೆ ಒಂದೇ ಹಂತ, /ಎಪಿಐ/** ಎಂದರೆ ಎಷ್ಟು ಆಳವಾದರೂ ಸರಿ. ಒಂದು * ಕಡಿಮೆಯಾದರೆ /ಎಪಿಐ/ಯೂಸರ್ಸ್ ನಡೆದು /ಎಪಿಐ/ಯೂಸರ್ಸ್/7 ಬೀಳುತ್ತದೆ.

ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿ ಪ್ಯಾಕೇಜ್ ಜೇಸನ್‌ನ ಪ್ರಾಕ್ಸಿ ಸಾಲು ಬಳಸುತ್ತಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ಅಕ್ಸೆಪ್ಟ್ ಹೆಡರ್‌ನಲ್ಲಿ ಟೆಕ್ಸ್ಟ್/ಎಚ್‌ಟಿಎಂಎಲ್ ಇರುವ ಕರೆಯನ್ನು ಅದು ದಾಟಿಸುವುದಿಲ್ಲ. ಹಾಗಾಗಿ ಎಪಿಐ ವಿಳಾಸವನ್ನು ವಿಳಾಸಪಟ್ಟಿಯಲ್ಲಿ ಬರೆದು ಪರೀಕ್ಷಿಸಿದರೆ ಯಾವಾಗಲೂ ಇಂಡೆಕ್ಸ್ ಪುಟವೇ ಸಿಗುತ್ತದೆ. ಕೆಟ್ಟಿರುವುದು ಪರೀಕ್ಷೆ, ಪ್ರಾಕ್ಸಿಯಲ್ಲ.

## ಪ್ರಾಕ್ಸಿ ಇದ್ದರೂ ಕಾರ್ಸ್ ದೋಷ

ಸ್ಕೀಮ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಕಾರ್ಸ್ (ಬೇರೆ ವಿಳಾಸದ ಕರೆಗಳಿಗೆ ಬ್ರೌಸರ್ ಕೇಳುವ ಅನುಮತಿ) ಪ್ರಶ್ನೆಯೇ ಏಳುವುದಿಲ್ಲ. ಎದ್ದಿದೆ ಎಂದರೆ ಬ್ರೌಸರ್ ಲೋಕಲ್‌ಹೋಸ್ಟ್ ಬಿಟ್ಟು ಬೇರೆ ಕಡೆ ಹೋಗಿದೆ.

ಮೊದಲು ಕೋಡ್ ನೋಡಿ. ಫೆಚ್‌ಗೋ ಆಕ್ಸಿಯೋಸ್‌ನ ಬೇಸ್‌ಯುಆರ್‌ಎಲ್‌ಗೋ ಎಪಿಐನ ಪೂರ್ತಿ ವಿಳಾಸ ಕೊಟ್ಟಿದ್ದರೆ ಕರೆ ಪ್ರಾಕ್ಸಿಯ ಬಾಗಿಲನ್ನೇ ಮುಟ್ಟುವುದಿಲ್ಲ. ಡೆವ್‌ನಲ್ಲಿ ಬೇಸ್ ಖಾಲಿಯಾಗಿರಲಿ, ಇಲ್ಲವೇ ಬರೀ /ಎಪಿಐ ಇರಲಿ.

ಕೋಡ್ ಸರಿಯಿದ್ದರೆ ರೀಡೈರೆಕ್ಟ್ ಹುಡುಕಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ 301 ಅಥವಾ 302 ಸಾಲೊಂದು, ಅದರ ಕೆಳಗೇ ಎಪಿಐನ ನಿಜ ವಿಳಾಸಕ್ಕೆ ಹೋಗಿ ಕೆಂಪಾದ ಇನ್ನೊಂದು ಸಾಲು ಕಾಣುತ್ತದೆ. ಟಾರ್ಗೆಟ್‌ಗೆ (ಪ್ರಾಕ್ಸಿ ಕರೆಯನ್ನು ದಾಟಿಸುವ ವಿಳಾಸ) ಎಚ್‌ಟಿಟಿಪಿ ಎಂದು ಬರೆದಿದ್ದು ಎಪಿಐ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತಿರಬಹುದು. ಕೊನೆಯ ಓರೆಗೆರೆ ಇಲ್ಲವೆಂದು ಎಪಿಐ ಚೌಕಟ್ಟು ಓರೆಗೆರೆ ಸೇರಿಸಿ ವಾಪಸ್ ಕಳಿಸುತ್ತಿರಬಹುದು. ಜಾಂಗೋದಲ್ಲಿ ಇದು ನಿತ್ಯದ ಸಂಗತಿ. ಟಾರ್ಗೆಟ್ ಅಥವಾ ಕರೆಯ ವಿಳಾಸ ತಿದ್ದುವುದೇ ಸರಿಯಾದ ಮದ್ದು. ಎಪಿಐ ಬೇಕೆಂದೇ ರೀಡೈರೆಕ್ಟ್ ಮಾಡುತ್ತಿದ್ದರೆ ಪ್ರಾಕ್ಸಿಯ ಆಟೋರೀರೈಟ್ ಮತ್ತು ಪ್ರೊಟೊಕಾಲ್‌ರೀರೈಟ್ ಆಯ್ಕೆಗಳು ಲೊಕೇಶನ್ ಹೆಡರನ್ನು ಲೋಕಲ್‌ಹೋಸ್ಟ್‌ಗೆ ತಿರುಗಿಸುತ್ತವೆ. 301, 302ರಲ್ಲಿ ಬ್ರೌಸರ್ ಪೋಸ್ಟ್ ಕರೆಯನ್ನು ಗೆಟ್ ಮಾಡಿಬಿಡುತ್ತದೆ ಎಂಬುದೂ ನೆನಪಿರಲಿ. ಕಳಿಸಿದ ಡೇಟಾ ಮಾಯವಾಗಿ 405 ಬಂದರೆ ಕಾರಣ ಇದೇ ಇರಬಹುದು.

## 404 ಬಂತು, ಅದೂ ಎಪಿಐನಿಂದಲೇ

ಕರೆ ತಲುಪಿದೆ, ಪಾಥ್ ತಪ್ಪಿದೆ. ಇಲ್ಲಿ ಕಾಗದದ ಮೇಲೆ ಬರೆದು ನೋಡುವುದೇ ಬೇಗ.

ಎಪಿಐನ ನಿಜ ಪಾಥ್ /ವಿ1/ಯೂಸರ್ಸ್ ಎಂದಿಟ್ಟುಕೊಳ್ಳಿ. ಬ್ರೌಸರ್ ಕೇಳುವುದು /ಎಪಿಐ/ಯೂಸರ್ಸ್. ಟಾರ್ಗೆಟ್‌ನ ಕೊನೆಗೆ /ವಿ1 ಹಾಕಿ ರೀರೈಟ್ (ಪಾಥ್ ತಿದ್ದುವ ನಿಯಮ) ಹಾಕದಿದ್ದರೆ ಹೋಗುವುದು /ವಿ1/ಎಪಿಐ/ಯೂಸರ್ಸ್, ಏಕೆಂದರೆ ಟಾರ್ಗೆಟ್‌ನ ಪಾಥ್‌ಗೆ ಕರೆಯ ಪಾಥ್ ಪೂರ್ತಿಯಾಗಿ ಅಂಟಿಕೊಳ್ಳುತ್ತದೆ. ರೀರೈಟ್‌ನಲ್ಲಿ ^/ಎಪಿಐ ಅನ್ನು ಖಾಲಿಗೆ ಬದಲಿಸಿದರೆ /ವಿ1/ಯೂಸರ್ಸ್ ಆಗುತ್ತದೆ. ಟಾರ್ಗೆಟ್‌ನಲ್ಲೂ /ವಿ1, ರೀರೈಟ್‌ನಲ್ಲೂ /ವಿ1 ಹಾಕಿದರೆ /ವಿ1/ವಿ1/ಯೂಸರ್ಸ್. ಪಾಥ್ ಎಲ್ಲಿ ಬರೆಯಬೇಕೆಂದು ಒಂದು ಕಡೆ ತೀರ್ಮಾನಿಸಿ. ಟಾರ್ಗೆಟ್‌ನಲ್ಲಿ ಬರೀ ಹೋಸ್ಟ್, ಪಾಥ್‌ನ ಆಟವೆಲ್ಲ ರೀರೈಟ್‌ನಲ್ಲಿ ಎಂದು ಇಟ್ಟುಕೊಂಡರೆ ಆರು ತಿಂಗಳ ಮೇಲೆ ಓದುವವರಿಗೂ ಗೊಂದಲವಾಗದು.

ವೀಟ್‌ನಲ್ಲಿ ರೀರೈಟ್ ಎಂಬುದು ಫಂಕ್ಷನ್, ವೆಬ್‌ಪ್ಯಾಕ್‌ನಲ್ಲಿ ಪಾಥ್‌ರೀರೈಟ್ ಎಂಬುದು ನಿಯಮಗಳ ಆಬ್ಜೆಕ್ಟ್. ಒಂದರ ಉದಾಹರಣೆಯನ್ನು ಇನ್ನೊಂದಕ್ಕೆ ಅಂಟಿಸಿದರೆ ಹೆಸರೇ ಬೇರೆಯಾದ್ದರಿಂದ ಪಾಥ್ ಇದ್ದ ಹಾಗೇ ಹೋಗುತ್ತದೆ. ವೆಬ್‌ಪ್ಯಾಕ್ ಡೆವ್ ಸರ್ವರ್ 5ರಿಂದ ಪ್ರಾಕ್ಸಿ ಆಯ್ಕೆ ಆಬ್ಜೆಕ್ಟ್ ಆಗಿರುವಂತಿಲ್ಲ, ಅರೇ ಆಗಿರಬೇಕು, ಪಾಥ್ ಅನ್ನು ಕಾಂಟೆಕ್ಸ್ಟ್ ಎಂಬ ಹೆಸರಿನಡಿ ಕೊಡಬೇಕು. ಎಚ್‌ಟಿಟಿಪಿ ಪ್ರಾಕ್ಸಿ ಮಿಡ್ಲ್‌ವೇರ್ (ವೆಬ್‌ಪ್ಯಾಕ್ ಕಡೆ ಪ್ರಾಕ್ಸಿ ಕೆಲಸ ಮಾಡುವ ಪ್ಯಾಕೇಜ್) ಅನ್ನು ಆವೃತ್ತಿ 2ರಿಂದ 3ಕ್ಕೆ ಏರಿಸಿದ ದಿನವೇ 404 ಶುರುವಾಗಿದ್ದರೆ ಕಾರಣ ಇದು: ಆ್ಯಪ್.ಯೂಸ್‌ನಲ್ಲಿ /ಎಪಿಐ ಎಂದು ಕೂರಿಸಿದ ಭಾಗವನ್ನು 3 ಕತ್ತರಿಸಿ ಕಳಿಸುತ್ತದೆ, 2 ಕತ್ತರಿಸುತ್ತಿರಲಿಲ್ಲ. ಟಾರ್ಗೆಟ್‌ನ ಕೊನೆಗೆ /ಎಪಿಐ ಸೇರಿಸಿದರೆ ಮೊದಲಿನಂತಾಗುತ್ತದೆ.

ಊಹಿಸುವುದಕ್ಕಿಂತ ಹೊರಹೋಗುವ ಪಾಥ್ ಅನ್ನೇ ಮುದ್ರಿಸಿ. ವೀಟ್‌ನ ಕಾನ್ಫಿಗರ್ ಆಯ್ಕೆಯೊಳಗೆ ಪ್ರಾಕ್ಸಿರಿಕ್ ಘಟನೆಯನ್ನು ಹಿಡಿದು ಅದರ ಪಾಥ್ ಅನ್ನು ಕನ್ಸೋಲ್‌ಗೆ ಬರೆಸಿದರೆ ಸಾಕು, ಮೂರು ಸಾಲಿನ ಕೋಡ್. ಮಿಡ್ಲ್‌ವೇರ್ 3ರಲ್ಲಿ ಲಾಗರ್ ಆಯ್ಕೆಗೆ ಕನ್ಸೋಲ್ ಕೊಡಿ.

ಇದರ ತಿರುಗುಮುರುಗು ದೋಷವೂ ಉಂಟು. ವೀಟ್‌ನಲ್ಲಿ /ಎಪಿಐ ಎಂಬ ಕೀಲಿ ಬರೀ ಆರಂಭವನ್ನು ಹೋಲಿಸುವುದರಿಂದ ನಿಮ್ಮದೇ /ಎಪಿಐಡಾಕ್ಸ್ ಪುಟವನ್ನೂ ಆಚೆ ಸಾಗಿಸಿಬಿಡುತ್ತದೆ. ^/ಎಪಿಐ/ ಎಂದು ಬರೆಯಿರಿ. ^ ಇಂದ ಶುರುವಾದ ಕೀಲಿಯನ್ನು ಅದು ರೆಜೆಕ್ಸ್ (ಅಕ್ಷರಗಳ ಮಾದರಿ ಹೋಲಿಸುವ ಸೂತ್ರ) ಎಂದು ಓದುತ್ತದೆ.

## 500, 502, 504: ಸಂಪರ್ಕವೇ ಆಗುತ್ತಿಲ್ಲ

ಸ್ಟೇಟಸ್ ಸಂಖ್ಯೆಯನ್ನು ಇಲ್ಲಿ ನಂಬಬೇಡಿ. ಆಚೆ ತಲುಪಲಾಗದಿದ್ದರೆ ವೀಟ್ 500 ಕೊಡುತ್ತದೆ, ವೆಬ್‌ಪ್ಯಾಕ್ ಕಡೆಯ ಮಿಡ್ಲ್‌ವೇರ್ 504 ಕೊಡುತ್ತದೆ. ವೀಟ್‌ನ 500 ನೋಡಿ ಎಪಿಐ ತಂಡಕ್ಕೆ "ನಿಮ್ಮ ಸರ್ವರ್ ಬಿದ್ದಿದೆ" ಎಂದು ಬರೆದರೆ ನಗೆಪಾಟಲು. ನಿಜವಾದ ಮಾತು ಡೆವ್ ಸರ್ವರ್‌ನ ಟರ್ಮಿನಲ್‌ನಲ್ಲಿರುತ್ತದೆ.

ಅಲ್ಲಿ ಇಕಾನ್‌ರೆಫ್ಯೂಸ್ಡ್ ಎಂದಿದ್ದು ಅದು ತಕ್ಷಣ ಬಂದರೆ, ಯಂತ್ರ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ. ಇನಾಟ್‌ಫೌಂಡ್ ಎಂದರೆ ಹೆಸರಿಗೆ ವಿಳಾಸ ಸಿಗಲಿಲ್ಲ. ಕಾಗುಣಿತ ನೋಡಿ, ವಿಪಿಎನ್ ಹಾಕಿದ್ದೀರಾ ನೋಡಿ. ಇಟೈಮ್ಡ್‌ಔಟ್ ಎಂದು ಬಹಳ ಹೊತ್ತಿನ ಮೇಲೆ ಬಂದರೆ ನಡುವಿನ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿರುವ ಸಾಧ್ಯತೆ ಹೆಚ್ಚು.

ಎಪಿಐ ನಿಮ್ಮದೇ ಯಂತ್ರದಲ್ಲಿದ್ದು ದೋಷದ ಸಾಲಿನಲ್ಲಿ ::1 ಎಂದು ಕಂಡರೆ, ನೋಡ್‌ಜೆಎಸ್ ಲೋಕಲ್‌ಹೋಸ್ಟ್ ಅನ್ನು ಐಪಿವಿ6 ಎಂದು ಓದಿದೆ, ಎಪಿಐ ಐಪಿವಿ4ರಲ್ಲಿ ಮಾತ್ರ ಕೇಳುತ್ತಿದೆ. ನೋಡ್‌ಜೆಎಸ್ 17ರಲ್ಲಿ ವಿಳಾಸಗಳ ಕ್ರಮ ಬದಲಾದಾಗಿನಿಂದ ಈ ಕಾಟ. 20ರಿಂದ ಎರಡನ್ನೂ ಪ್ರಯತ್ನಿಸುವುದರಿಂದ ಕಡಿಮೆಯಾಗಿದೆ. ಟಾರ್ಗೆಟ್‌ನಲ್ಲಿ ಲೋಕಲ್‌ಹೋಸ್ಟ್ ಬದಲು 127.0.0.1 ಬರೆದರೆ ಮುಗಿಯಿತು. ಡೆವ್ ಸರ್ವರ್ ಡಾಕರ್ ಒಳಗಿದ್ದರೆ ಮಾತ್ರ ಇದೂ ನಡೆಯದು. ಕಂಟೇನರ್‌ಗೆ ಲೋಕಲ್‌ಹೋಸ್ಟ್ ಎಂದರೆ ಅದೇ ಕಂಟೇನರ್. ಕಂಪೋಸ್ ಬಳಸುತ್ತಿದ್ದರೆ ಸರ್ವಿಸ್‌ನ ಹೆಸರು ಕೊಡಿ, ಎಪಿಐ ಕಂಟೇನರ್‌ನ ಹೊರಗೆ ನಿಮ್ಮದೇ ಯಂತ್ರದಲ್ಲಿದ್ದರೆ ಹೋಸ್ಟ್.ಡಾಕರ್.ಇಂಟರ್ನಲ್ ಕೊಡಿ.

ಮ್ಯಾಕ್ ಇರುವವರು 5000ದ ಬಗ್ಗೆ ಎಚ್ಚರ. ಮಾಂಟೆರಿ ಆವೃತ್ತಿಯಿಂದ ಆ ಪೋರ್ಟ್‌ನಲ್ಲಿ ಏರ್‌ಪ್ಲೇ ರಿಸೀವರ್ ಕೂತಿರುತ್ತದೆ. ಫ್ಲಾಸ್ಕ್‌ನ ರೂಢಿಯ ಪೋರ್ಟ್ ಕೂಡ ಅದೇ. ಕರೆಗೆ 403, ಸರ್ವರ್ ಹೆಡರ್‌ನಲ್ಲಿ ಏರ್‌ಟ್ಯೂನ್ಸ್ ಎಂದು ಬಂದರೆ ಅನುಮತಿಯ ತೊಂದರೆ ಹುಡುಕುತ್ತ ಕೂರಬೇಡಿ, ಪೋರ್ಟ್ ಬದಲಿಸಿ.

ಕರ್ಲ್ ನೇರವಾಗಿ ಗೆಲ್ಲುತ್ತದೆ, ಡೆವ್ ಪ್ರಾಕ್ಸಿ ಮಾತ್ರ ಟೈಮ್‌ಔಟ್ ಆಗುತ್ತದೆ ಎಂದಾದರೆ ಕಚೇರಿಯ ಜಾಲದಲ್ಲಿದ್ದೀರಿ ಎಂದೇ ಊಹಿಸಬಹುದು. ಕರ್ಲ್ ಎನ್ವಿರಾನ್‌ಮೆಂಟ್‌ನಲ್ಲಿರುವ ಎಚ್‌ಟಿಟಿಪಿಎಸ್ ಪ್ರಾಕ್ಸಿ ವೇರಿಯಬಲ್ ಓದಿ ಕಚೇರಿಯ ಪ್ರಾಕ್ಸಿ ಮೂಲಕ ಹೋಗುತ್ತದೆ. ಡೆವ್ ಪ್ರಾಕ್ಸಿ ಸಾಮಾನ್ಯವಾಗಿ ಅದನ್ನು ನೋಡದೆ ನೇರ ನುಗ್ಗಿ ಗೋಡೆಗೆ ಹೊಡೆದುಕೊಳ್ಳುತ್ತದೆ. ಎಚ್‌ಟಿಟಿಪಿಎಸ್ ಪ್ರಾಕ್ಸಿ ಏಜೆಂಟ್ ಪ್ಯಾಕೇಜ್ ಹಾಕಿ ಏಜೆಂಟ್ ಆಯ್ಕೆಯಲ್ಲಿ ಕೊಡಬೇಕು.

## ಸರ್ಟಿಫಿಕೇಟ್ ದೋಷ

"ಹೋಸ್ಟ್: ಲೋಕಲ್‌ಹೋಸ್ಟ್ ಸರ್ಟಿಫಿಕೇಟ್‌ನ ಆಲ್ಟ್‌ನೇಮ್‌ಗಳಲ್ಲಿ ಇಲ್ಲ" ಎಂಬರ್ಥದ ಸಾಲು ಬಂದರೆ ಸರ್ಟಿಫಿಕೇಟ್‌ನಲ್ಲಿ ಏನೂ ತಪ್ಪಿಲ್ಲ. ಚೇಂಜ್‌ಆರಿಜಿನ್ ಹಾಕಿಲ್ಲ, ಅಷ್ಟೇ. ಅದಿಲ್ಲದಿದ್ದರೆ ಹೋಸ್ಟ್ ಹೆಡರ್ ಲೋಕಲ್‌ಹೋಸ್ಟ್ ಎಂದೇ ಹೋಗುತ್ತದೆ, ನೋಡ್‌ಜೆಎಸ್ ಟಿಎಲ್‌ಎಸ್ ಮಾತುಕತೆಗೂ ಆ ಹೆಸರನ್ನೇ ಬಳಸುತ್ತದೆ. ಒಂದೇ ಐಪಿಯಲ್ಲಿ ಹತ್ತಾರು ತಾಣ ನಡೆಸುವ ಸರ್ವರ್‌ಗಳು ಇದೇ ಕಾರಣಕ್ಕೆ 404 ಅಥವಾ 403 ಕೊಡುವುದೂ ಉಂಟು. ದೂರದ ಎಪಿಐ ಎಂದಮೇಲೆ ಚೇಂಜ್‌ಆರಿಜಿನ್ ಟ್ರೂ ಇರಲೇಬೇಕು ಎಂದುಕೊಂಡರೆ ತಪ್ಪಿಲ್ಲ.

ಬ್ರೌಸರ್‌ನಲ್ಲಿ ಎಪಿಐ ಬೀಗದ ಗುರುತಿನೊಂದಿಗೆ ತೆರೆಯುತ್ತದೆ, ಪ್ರಾಕ್ಸಿ ಮಾತ್ರ "ಅನೇಬಲ್ ಟು ವೆರಿಫೈ ಲೀಫ್ ಸಿಗ್ನೇಚರ್" ಎನ್ನುತ್ತದೆ ಎಂದರೆ ಎಪಿಐ ತನ್ನ ಮಧ್ಯಂತರ ಸರ್ಟಿಫಿಕೇಟ್ ಕಳಿಸುತ್ತಿಲ್ಲ. ಕ್ರೋಮ್ ಅದನ್ನು ತಾನೇ ತಂದುಕೊಳ್ಳುತ್ತದೆ, ನೋಡ್‌ಜೆಎಸ್ ತರುವುದಿಲ್ಲ. ಇದನ್ನು ತಿದ್ದಬೇಕಾದವರು ಎಪಿಐ ನಡೆಸುವವರು. ಸರಪಳಿಯಲ್ಲಿ ಸ್ವಯಂಸಹಿ ಎಂಬ ದೂರಿದ್ದರೆ ಕಚೇರಿಯ ಸ್ವಂತ ಸಿಎ (ಸರ್ಟಿಫಿಕೇಟ್‌ಗೆ ಸಹಿ ಹಾಕುವ ವ್ಯವಸ್ಥೆ) ನಡುವೆ ಇದೆ. ಅದರ ಪೆಮ್ ಫೈಲ್ ಪಡೆದು ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್ ವೇರಿಯಬಲ್‌ಗೆ ಅದರ ಪಾಥ್ ಕೊಡಿ. ಅದನ್ನು ಓದುವುದು ಪ್ರಕ್ರಿಯೆ ಶುರುವಾಗುವಾಗ ಮಾತ್ರ, ಆದ್ದರಿಂದ ಕಾನ್ಫಿಗ್ ಫೈಲ್‌ನೊಳಗೆ ಬರೆದರೆ ಪ್ರಯೋಜನವಿಲ್ಲ.

ಸೆಕ್ಯೂರ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಇವೆಲ್ಲ ಒಮ್ಮೆಗೇ ಬಾಯಿ ಮುಚ್ಚುತ್ತವೆ. ಸ್ವಯಂಸಹಿ ಸರ್ಟಿಫಿಕೇಟ್ ಇರುವ ಪರೀಕ್ಷಾ ಸರ್ವರ್‌ಗೆ, ಆ ಒಂದು ನಿಯಮಕ್ಕೆ ಮಾತ್ರ ಅದನ್ನು ಒಪ್ಪಬಹುದು. ನೋಡ್ ಟಿಎಲ್‌ಎಸ್ ರಿಜೆಕ್ಟ್ ಅನ್‌ಆಥರೈಸ್ಡ್ ವೇರಿಯಬಲ್‌ಗೆ 0 ಕೊಡುವುದನ್ನು ಒಪ್ಪಲಾಗದು. ಅದು ಆ ಪ್ರಕ್ರಿಯೆಯ ಎಲ್ಲ ಸಂಪರ್ಕಗಳ ಪರಿಶೀಲನೆಯನ್ನೂ ಕಿತ್ತುಹಾಕುತ್ತದೆ, ಶೆಲ್ ಪ್ರೊಫೈಲ್‌ಗೆ ಸೇರಿದರೆ ಬೇರೆ ಪ್ರಾಜೆಕ್ಟ್‌ಗಳಿಗೂ ಹರಡುತ್ತದೆ.

## ಗೆಟ್ ಸರಿ, ಪೋಸ್ಟ್‌ಗೆ ಮಾತ್ರ 403

ಚೇಂಜ್‌ಆರಿಜಿನ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದು ಬದಲಿಸುವುದು ಹೋಸ್ಟ್ ಹೆಡರನ್ನು, ಆರಿಜಿನ್ ಹೆಡರನ್ನಲ್ಲ. ಅದೇ ಆರಿಜಿನ್‌ನ ಗೆಟ್ ಕರೆಗೆ ಬ್ರೌಸರ್ ಆರಿಜಿನ್ ಹೆಡರ್ ಹಾಕುವುದಿಲ್ಲ, ಪೋಸ್ಟ್‌ಗೆ ಹಾಕುತ್ತದೆ. ಎಪಿಐಗೆ ಆಗ "ನಾನು ಲೋಕಲ್‌ಹೋಸ್ಟ್:5173ರಿಂದ ಬಂದೆ" ಎಂದು ಕೇಳಿಸಿ, ಸಿಎಸ್‌ಆರ್‌ಎಫ್ ಕಾವಲು (ಬೇರೆ ತಾಣಗಳಿಂದ ಬರುವ ನಕಲಿ ಕರೆಗಳ ತಡೆ) ಬಾಗಿಲು ಹಾಕುತ್ತದೆ. ಸ್ಪ್ರಿಂಗ್ ಆದರೆ "ಇನ್‌ವ್ಯಾಲಿಡ್ ಕಾರ್ಸ್ ರಿಕ್ವೆಸ್ಟ್" ಎನ್ನುತ್ತದೆ. ಕರ್ಲ್ ಆ ಹೆಡರ್ ಕಳಿಸುವುದೇ ಇಲ್ಲವಾದ್ದರಿಂದ ಅಲ್ಲಿ ಎಲ್ಲ ಸರಿ. ಖಚಿತಪಡಿಸಿಕೊಳ್ಳಲು ಕರ್ಲ್‌ಗೆ ಆರಿಜಿನ್ ಹೆಡರ್ ಕೈಯಾರೆ ಸೇರಿಸಿ ನೋಡಿ, 403 ಬಂದರೆ ರೋಗ ಸಿಕ್ಕಿತು. ಎಪಿಐನ ಡೆವ್ ಸೆಟ್ಟಿಂಗ್‌ನಲ್ಲಿ ನಿಮ್ಮ ಲೋಕಲ್ ವಿಳಾಸ ಸೇರಿಸುವುದು ನೇರ ದಾರಿ. ಜಾಂಗೋ 4.0ರಿಂದ ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಆರಿಜಿನ್ಸ್ ಪಟ್ಟಿಯಲ್ಲಿ ಸ್ಕೀಮ್ ಸಹಿತ ಬರೆಯಬೇಕು. ಎಪಿಐ ನಿಮ್ಮ ಕೈಯಲ್ಲಿಲ್ಲದಿದ್ದರೆ ಪ್ರಾಕ್ಸಿರಿಕ್ ಘಟನೆಯಲ್ಲಿ ಆರಿಜಿನ್ ಹೆಡರನ್ನು ಟಾರ್ಗೆಟ್ ವಿಳಾಸಕ್ಕೆ ಬದಲಿಸಬಹುದು, ಡೆವ್‌ನಲ್ಲಿ ಮಾತ್ರ.

## ಪೋಸ್ಟ್ ಕರೆ ಪೆಂಡಿಂಗ್‌ನಲ್ಲೇ ನಿಲ್ಲುತ್ತದೆ

ಸ್ವಂತ ಎಕ್ಸ್‌ಪ್ರೆಸ್ ಸರ್ವರ್‌ನಲ್ಲಿ ಪ್ರಾಕ್ಸಿ ಇಟ್ಟವರಿಗೆ ಬರುವ ದೋಷ. ಪ್ರಾಕ್ಸಿಗಿಂತ ಮೊದಲು ಎಕ್ಸ್‌ಪ್ರೆಸ್.ಜೇಸನ್ ಕೂತಿದ್ದರೆ ಅದು ಬಾಡಿಯನ್ನು ಪೂರ್ತಿ ಓದಿ ಮುಗಿಸಿರುತ್ತದೆ. ಇಷ್ಟು ಬೈಟ್ ಬರುತ್ತದೆ ಎಂಬ ಕಂಟೆಂಟ್ ಲೆಂಗ್ತ್ ಮಾತ್ರ ಆಚೆ ಹೋಗಿ, ಎಪಿಐ ಬಾರದ ಬೈಟ್‌ಗಳಿಗೆ ಕಾಯುತ್ತ ಕೂರುತ್ತದೆ. ಪ್ರಾಕ್ಸಿಯ ಸಾಲನ್ನು ಮೇಲಕ್ಕೆ ತನ್ನಿ. ಆಗದಿದ್ದರೆ ಮಿಡ್ಲ್‌ವೇರ್‌ನ ಫಿಕ್ಸ್‌ರಿಕ್ವೆಸ್ಟ್‌ಬಾಡಿ ಬಳಸಿ.

## ಲಾಗಿನ್ ಆಗುತ್ತದೆ, ಮುಂದಿನ ಕರೆಗೇ 401

ಲಾಗಿನ್ ಉತ್ತರದ ಸೆಟ್ ಕುಕೀ ಹೆಡರ್ ನೋಡಿ. ಡೊಮೇನ್ ಎಂದು ಎಪಿಐನ ಹೆಸರಿದ್ದರೆ ಲೋಕಲ್‌ಹೋಸ್ಟ್‌ನಲ್ಲಿರುವ ಬ್ರೌಸರ್ ಆ ಕುಕೀಯನ್ನು ಎಸೆಯುತ್ತದೆ. ಕ್ರೋಮ್ ಆ ಸಾಲಿನ ಪಕ್ಕ ಹಳದಿ ತ್ರಿಕೋನ ತೋರಿಸಿ ಕಾರಣವನ್ನೂ ಹೇಳುತ್ತದೆ. ಕುಕೀಡೊಮೇನ್‌ರೀರೈಟ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಡೊಮೇನ್ ಕಳಚಿಹೋಗುತ್ತದೆ. ರೀರೈಟ್‌ನಿಂದ ಪಾಥ್ ಬದಲಾಗಿದ್ದರೆ ಕುಕೀಯ ಪಾಥ್ ಕೂಡ ಹೊಂದದಿರಬಹುದು, ಅದಕ್ಕೆ ಕುಕೀಪಾಥ್‌ರೀರೈಟ್ ಇದೆ. ಸೆಕ್ಯೂರ್ ಗುರುತಿನ ಕುಕೀಯನ್ನು ಕ್ರೋಮ್, ಫೈರ್‌ಫಾಕ್ಸ್ ಎಚ್‌ಟಿಟಿಪಿ ಲೋಕಲ್‌ಹೋಸ್ಟ್‌ನಲ್ಲೂ ಒಪ್ಪುತ್ತವೆ, ಸಫಾರಿ ಒಪ್ಪುವುದಿಲ್ಲ. ಸಫಾರಿಯಲ್ಲಿ ಮಾತ್ರ ಕೆಡುತ್ತಿದ್ದರೆ ಡೆವ್ ಸರ್ವರನ್ನೇ ಎಚ್‌ಟಿಟಿಪಿಎಸ್‌ನಲ್ಲಿ ಓಡಿಸಿ.

ಕುಕೀಗೆ ಪೋರ್ಟ್‌ಗಳ ಗಡಿಯಿಲ್ಲ. ಲೋಕಲ್‌ಹೋಸ್ಟ್‌ನ ಎಲ್ಲ ಪ್ರಾಜೆಕ್ಟ್‌ಗಳ ಕುಕೀ ಒಂದೇ ಬುಟ್ಟಿಗೆ ಬೀಳುತ್ತವೆ. ಬುಟ್ಟಿ ತುಂಬಿ ಹೆಡರ್‌ಗಳು ನೋಡ್‌ಜೆಎಸ್‌ನ 16 ಕೆಬಿ ಮಿತಿ ದಾಟಿದರೆ 431 ಬರುತ್ತದೆ. ಲೋಕಲ್‌ಹೋಸ್ಟ್‌ನ ಕುಕೀ ಅಳಿಸಿದರೆ ಸರಿ.

## ವೆಬ್‌ಸಾಕೆಟ್ ನಿಲ್ಲದು, ಸ್ಟ್ರೀಮ್ ಕೊನೆಯಲ್ಲಿ ಒಟ್ಟಿಗೆ ಬರುತ್ತದೆ

ವೆಬ್‌ಸಾಕೆಟ್‌ಗೆ ಡಬ್ಲ್ಯುಎಸ್ ಟ್ರೂ ಬೇಕು, ಸ್ಟೇಟಸ್ 101 ಕಂಡರೆ ದಾಟಿದೆ. ಬೇರು ಪಾಥ್ / ಮೇಲೆ ಅದನ್ನು ಹಾಕಬೇಡಿ, ಪುಟವನ್ನು ತಾನಾಗಿ ಹೊಸದು ಮಾಡುವ ಎಚ್‌ಎಂಆರ್‌ನ ಸಾಕೆಟ್ ಕೂಡ ಎಪಿಐ ಕಡೆ ಹೋಗಿಬಿಡಬಹುದು.

ಸಾಲು ಸಾಲಾಗಿ ಬರಬೇಕಾದ ಇವೆಂಟ್ ಸ್ಟ್ರೀಮ್ ಕೊನೆಗೆ ಧೊಪ್ಪೆಂದು ಒಟ್ಟಿಗೆ ಬಿದ್ದರೆ ನಡುವೆ ಯಾರೋ ಕೂಡಿಡುತ್ತಿದ್ದಾರೆ. ವೆಬ್‌ಪ್ಯಾಕ್ ಡೆವ್ ಸರ್ವರ್‌ನಲ್ಲಿ ಕಂಪ್ರೆಸ್ ಮೊದಲೇ ಆನ್ ಇರುತ್ತದೆ, ಆಫ್ ಮಾಡಿ ನೋಡಿ. ಎಂಜಿನ್‌ಎಕ್ಸ್ ನಡುವಿದ್ದರೆ ಪ್ರಾಕ್ಸಿ ಬಫರಿಂಗ್ ಆಫ್ ಮಾಡಬೇಕು.

## ಬಿಲ್ಡ್ ಮಾಡಿದ ಮೇಲೆ ಎಲ್ಲ ಕರೆಯೂ 404

ಡೆವ್ ಪ್ರಾಕ್ಸಿ ಬಿಲ್ಡ್‌ನೊಳಗೆ ಹೋಗುವುದಿಲ್ಲ. ಅದು ಡೆವ್ ಸರ್ವರ್‌ನ ಆಸ್ತಿ. ವೀಟ್‌ನ ಪ್ರಿವ್ಯೂ ಅದೇ ನಿಯಮಗಳನ್ನು ಎರವಲು ಪಡೆಯುವುದರಿಂದ ಅಲ್ಲಿ ಚೆನ್ನಾಗಿ ನಡೆದು ಮೋಸ ಮಾಡುತ್ತದೆ. ನಿಜವಾದ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್‌ನ ಲೊಕೇಶನ್ ಬ್ಲಾಕ್ ಬರೆಯಬೇಕು. ಪ್ರಾಕ್ಸಿ ಪಾಸ್ ವಿಳಾಸದ ಕೊನೆಯ ಓರೆಗೆರೆ ಅಲಂಕಾರವಲ್ಲ: ಲೊಕೇಶನ್ /ಎಪಿಐ/ ಇದ್ದಾಗ ಓರೆಗೆರೆ ಇದ್ದರೆ /ಎಪಿಐ/ ಕತ್ತರಿಸಿ ಹೋಗುತ್ತದೆ, ಇಲ್ಲದಿದ್ದರೆ ಪೂರ್ತಿ ಹೋಗುತ್ತದೆ.

## ಎಲ್ಲಿ ನಿಲ್ಲಿಸಬೇಕು, ಏನು ಮಾಡಬಾರದು

ನೇರ ಕರ್ಲ್ ಕರೆಯೇ ಸೋಲುತ್ತಿದ್ದರೆ, ಮಧ್ಯಂತರ ಸರ್ಟಿಫಿಕೇಟ್ ಇಲ್ಲದಿದ್ದರೆ, ಫೈರ್‌ವಾಲ್ ನುಂಗುತ್ತಿದ್ದರೆ ನಿಮ್ಮ ಕಾನ್ಫಿಗ್‌ನಲ್ಲಿ ಮದ್ದಿಲ್ಲ. ಎಪಿಐ ಅಥವಾ ಜಾಲ ನೋಡಿಕೊಳ್ಳುವವರಿಗೆ ಬರೆಯಿರಿ. ಕರೆಯ ಮೆಥಡ್, ಪೂರ್ತಿ ಪಾಥ್, ಸ್ಟೇಟಸ್, ಟೈಮ್‌ಝೋನ್ ಸಹಿತ ಸಮಯ, ಉತ್ತರದಲ್ಲಿ ರಿಕ್ವೆಸ್ಟ್ ಐಡಿ ಇದ್ದರೆ ಅದು, ಟರ್ಮಿನಲ್‌ನ ದೋಷದ ಸಾಲು ಇಷ್ಟಿದ್ದರೆ ಅವರು ತಮ್ಮ ಲಾಗ್‌ನಲ್ಲಿ ನೇರ ಅಲ್ಲಿಗೇ ಹೋಗಬಹುದು. "ಕಾಪಿ ಆ್ಯಸ್ ಕರ್ಲ್" ಮಾಡಿ ಹಾಗೇ ಅಂಟಿಸಬೇಡಿ. ಅದರಲ್ಲಿ ನಿಮ್ಮ ಸೆಷನ್ ಕುಕೀ, ಟೋಕನ್ ಎಲ್ಲ ಇರುತ್ತವೆ. ಆಥರೈಸೇಶನ್ ಮತ್ತು ಕುಕೀ ಹೆಡರ್‌ಗಳನ್ನು ಅಳಿಸಿ ಕಳಿಸಿ.

ಪರೀಕ್ಷೆಗೆಂದು ಟಾರ್ಗೆಟ್ ಅನ್ನು ಪ್ರೊಡಕ್ಷನ್‌ಗೆ ತಿರುಗಿಸಿದರೆ ಡಿಲೀಟ್ ಗುಂಡಿ ನಿಜವಾದ ದಾಖಲೆಯನ್ನೇ ಅಳಿಸುತ್ತದೆ, ವಿಳಾಸಪಟ್ಟಿಯಲ್ಲಿ ಲೋಕಲ್‌ಹೋಸ್ಟ್ ಎಂದಿರುವುದರಿಂದ ಯಾರಿಗೂ ನೆನಪಿರುವುದಿಲ್ಲ. ಪ್ರಾಕ್ಸಿಯಲ್ಲಿ ಹೆಡರ್ ಆಗಿ ಎಪಿಐ ಕೀ ಸೇರಿಸುವವರು ಅದನ್ನು ಎನ್ವಿರಾನ್‌ಮೆಂಟ್ ಫೈಲ್‌ನಿಂದ ಓದಿಸಿ, ಆ ಫೈಲ್ ಗಿಟ್‌ಗೆ ಸೇರದಂತೆ ನೋಡಿಕೊಳ್ಳಿ. ಹಾಗೆ ಕೀ ಸೇರಿಸಿದ ಡೆವ್ ಸರ್ವರನ್ನು ಫೋನಿನಲ್ಲಿ ನೋಡಲೆಂದು 0.0.0.0ಗೆ ತೆರೆದರೆ ಅದೇ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಕೀಯಲ್ಲಿ ಎಪಿಐ ಕರೆಯಬಹುದು.